ಸ್ಪೇರ್ ಪೈಲಟ್ ಸುಮ್ನೆ ಕೂತಿಲ್ಲ ಸ್ವಾಮಿ

ದೆಹಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶಕರಿಗೆ ಮೈಸೂರಿನಿಂದ ನಮಸ್ಕಾರ.

ಪತ್ರ ನಿಮಗೇ. ಆದರೂ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ದಿನಾ ಬೆಳಿಗ್ಗೆ ನನ್ನ ಜೊತೆ ನಡೆಯುವ ಗೆಳೆಯರೂ ಇದನ್ನು ಓದಬೇಕು ಅನ್ನೋದು ಅದಕ್ಕೆ ಕಾರಣ. ಅವರಿಗೆ ಬಾಯಲ್ಲಿ ಹೇಳೋಕೆ ಹೋದೆ. ಆಗಲಿಲ್ಲ.

2025ರ ಡಿಸೆಂಬರ್ ಮೊದಲ ವಾರದಲ್ಲಿ ಪೈಲಟ್ ಸಾಲದೆ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾದವಲ್ಲ, 5ನೇ ತಾರೀಕು ಒಂದೇ ದಿನಕ್ಕೆ ಸಾವಿರಕ್ಕೂ ಜಾಸ್ತಿ, ಆಗ ಶುರುವಾದ ಮಾತು ಇದು. ಗೆಳೆಯರೊಬ್ಬರು ಪೇಪರ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೇಳಿದರು: "ಈ ಪೈಲಟ್‌ಗಳಿಗೆ ಮನೇಲಿ ಕೂತರೂ ಸಂಬಳವಂತೆ ಕಣ್ರೀ. ರಜೆ ದಿನ ಬಂದು ಹಾರಿಸಿದರೆ ಡಬಲ್ಲಂತೆ. ಇನ್ನೇನು ಬೇಕಂತೆ ಇವರಿಗೆ?" ಎಲ್ಲರೂ ಹೌದು ಹೌದು ಅಂದರು. ನಾನು ಚಪ್ಪಲಿಯ ಕಲ್ಲು ತೆಗೆಯುವ ನೆಪದಲ್ಲಿ ಬಗ್ಗಿ ಸುಮ್ಮನಾದೆ. ನನ್ನ ಮಗಳೂ ಅದೇ ಕೆಲಸದಲ್ಲಿದ್ದಾಳೆ ಅನ್ನೋದು ಅವರಲ್ಲಿ ಇಬ್ಬರಿಗೆ ಮಾತ್ರ ಗೊತ್ತು.

ಅವಳು ಕೋ-ಪೈಲಟ್. ಯಾವ ಕಂಪನಿ ಅಂತ ಬರೆಯಲ್ಲ, ಅವಳ ಕೆಲಸಕ್ಕೆ ಕುತ್ತು ಬರೋದು ಬೇಡ. 2010ರಲ್ಲಿ ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದಾಗ ಏಳನೇ ಕ್ಲಾಸಿನಲ್ಲಿದ್ದಳು. ನಂಜನಗೂಡು ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ ತೋರಿಸಿದ್ದೆ. ತೋರಿಸಬಾರದಿತ್ತು ಅಂತ ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ಈಗ ಅವಳು ಹಾರಿಸುವ ಏರ್‌ಬಸ್ ನಮ್ಮೂರಿಗೆ ಬರೋದೇ ಇಲ್ಲ. ಇಲ್ಲಿಯ ರನ್‌ವೇ 1,740 ಮೀಟರ್, ಎಟಿಆರ್‌ನಂಥ ಸಣ್ಣವು ಮಾತ್ರ ಬಂದು ಹೋಗುತ್ತವೆ. ಹಾಗಾಗಿ ಅವಳಿಗೆ ದೇವನಹಳ್ಳಿ ಹತ್ತಿರ ಬಾಡಿಗೆ ರೂಮು.

ಇನ್ನು ನನ್ನ ವಿಷಯ. ನಾನು ಬಸ್ ಡಿಪೋದಲ್ಲಿ ಡ್ಯೂಟಿ ಹಾಕುತ್ತಿದ್ದವನು. ಮಂಡ್ಯ ಕಡೆಯಲ್ಲೇ ಜಾಸ್ತಿ ವರ್ಷ ಕಳೆದೆ. ಯಾವ ಡ್ರೈವರ್ ಯಾವ ರೂಟಿಗೆ, ಯಾರಿಗೆ ವಾರದ ರಜೆ, ಯಾರು ರಾತ್ರಿ ಹಳ್ಳಿಯಲ್ಲೇ ಬಸ್ ನಿಲ್ಲಿಸಿ ಮಲಗೋದು, ಯಾರು ಸ್ಪೇರ್. ಇದಿಷ್ಟನ್ನೂ ಹಿಂದಿನ ಸಂಜೆಯೇ ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಸ್ಪೇರ್ ಅಂದರೆ ಆ ದಿನ ಅವನ ಹೆಸರಿನ ಮುಂದೆ ರೂಟು ಇರಲ್ಲ. ಬಂದು ಡಿಪೋದಲ್ಲಿ ಕೂತಿರುತ್ತಾನೆ. ಯಾರಿಗೋ ಜ್ವರ, ಯಾರದೋ ಮನೆಯಲ್ಲಿ ಸಾವು, ಇನ್ಯಾರೋ ಹೇಳದೆ ಕೇಳದೆ ಮಾವನ ಮನೆಗೆ ಹೋಗಿರುತ್ತಾನೆ, ಆ ಬಸ್ಸಿಗೆ ಇವನು ಹತ್ತುತ್ತಾನೆ. ಹೊಸದಾಗಿ ಬಂದ ಸಾಹೇಬರು ಒಬ್ಬೊಬ್ಬರೂ ಚಾರ್ಟ್ ನೋಡಿ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಇಷ್ಟು ಜನಕ್ಕೆ ಯಾಕ್ರೀ ಸುಮ್ನೆ ಸಂಬಳ?" ಎರಡು ತಿಂಗಳು ಸ್ಪೇರ್ ಕಡಿಮೆ ಮಾಡಿಸುತ್ತಿದ್ದರು. ಮೂರನೇ ತಿಂಗಳು ಪಾಂಡವಪುರದ ಬಸ್ಸು ಯಾಕೆ ಬಿಡಲಿಲ್ಲ ಅಂತ ನನಗೇ ಮೆಮೋ.

ವಿಮಾನದ ಲೋಕದಲ್ಲಿ ಇದೇ ಸ್ಪೇರ್‌ಗೆ ಸ್ಟ್ಯಾಂಡ್‌ಬೈ ಅಂತಾರೆ, ಅಮೆರಿಕದ ಕಡೆ ರಿಸರ್ವ್ ಅಂತಾರೆ. ನಮ್ಮ ಡ್ರೈವರ್ ಡಿಪೋಗೆ ಬಂದು ಬೆಂಚಿನ ಮೇಲೆ ಕೂತಿರುತ್ತಿದ್ದ, ಎಲ್ಲರ ಕಣ್ಣಿಗೂ ಕಾಣುತ್ತಿದ್ದ. ಪೈಲಟ್ ಹೆಚ್ಚಾಗಿ ಮನೆಯಲ್ಲಿ ಕಾಯುತ್ತಾರೆ, ಯಾರ ಕಣ್ಣಿಗೂ ಬೀಳಲ್ಲ. ಅದಕ್ಕೇ ನಮ್ಮ ಗೆಳೆಯರಿಗೆ ಅದು ರಜೆ ಥರ ಕಂಡಿದ್ದು ಅನಿಸುತ್ತೆ.

ಮಗಳ ಸ್ಟ್ಯಾಂಡ್‌ಬೈ ದಿನ ಹೇಗಿರುತ್ತೆ ಹೇಳುತ್ತೇನೆ. ಬೆಳಗಿನ ಜಾವ ನಾಲ್ಕರಿಂದ ಮಧ್ಯಾಹ್ನದವರೆಗೆ ಅಂತ ಇಟ್ಟುಕೊಳ್ಳಿ. ಕರೆ ಬಂದರೆ ಒಂದೂವರೆ ಗಂಟೆಯೊಳಗೆ ನಿಲ್ದಾಣದಲ್ಲಿರಬೇಕು. ಯೂನಿಫಾರ್ಮ್ ಇಸ್ತ್ರಿ ಆಗಿ ಬಾಗಿಲ ಹಿಂದೆ ನೇತಾಡುತ್ತಿರುತ್ತೆ, ಮೂರು ದಿನದ ಬಟ್ಟೆ ಬ್ಯಾಗಿನಲ್ಲಿರುತ್ತೆ, ಯಾಕೆಂದರೆ ಕರೆದವರು ಚೆನ್ನೈಗೆ ಹೋಗಿ ಬಾ ಅನ್ನಬಹುದು, ಗುವಾಹಟಿಯಲ್ಲಿ ಎರಡು ರಾತ್ರಿ ಇರು ಅಂತಲೂ ಅನ್ನಬಹುದು. ಒಗ್ಗರಣೆ ಹಾಕುವಾಗಲೂ ಫೋನ್ ಪಕ್ಕದಲ್ಲೇ. ತಲೆಗೆ ಎಣ್ಣೆ ಹಚ್ಚಿಕೊಳ್ಳೋ ಹಾಗಿಲ್ಲ. ಮೈಸೂರಿಗೆ ಬಂದು ಹೋಗೋದು ಕನಸಿನ ಮಾತು. ಎಕ್ಸ್‌ಪ್ರೆಸ್‌ವೇ ಆದಮೇಲೂ ಇಲ್ಲಿಂದ ಕೆಂಪೇಗೌಡ ನಿಲ್ದಾಣಕ್ಕೆ ಏರ್‌ಪೋರ್ಟ್ ಬಸ್ಸಿನಲ್ಲಿ ನಾಲ್ಕು ಗಂಟೆ ಹತ್ತಿರ ಬೇಕು.

ಒಂದು ಸಲ ಅವರಮ್ಮ ಕೇಳಿದಳು, "ಕರೀದೇ ಇದ್ರೆ ಮಲ್ಕೊಂಡಿರು ಮಗ, ಯಾರು ಬೇಡ ಅಂತಾರೆ?" ಮಗಳು ನಕ್ಕಳು. "ಅಮ್ಮ, ನೀನು ಬಸ್‌ಸ್ಟಾಂಡಲ್ಲಿ ಬ್ಯಾಗ್ ತಬ್ಕೊಂಡು ಮಲ್ಕೋತೀಯಲ್ಲ, ಆ ಥರ ನಿದ್ದೆ ಅದು."

ಈಗ ಅಸಲು ಪ್ರಶ್ನೆಗೆ ಬರುತ್ತೇನೆ. ನಾಲ್ಕಕ್ಕೆ ಎದ್ದು ಕಾದವಳನ್ನು ಮಧ್ಯಾಹ್ನ ಕರೆದು ಡ್ಯೂಟಿಗೆ ಹತ್ತಿಸಿದರೆ ಅವಳ ದಿನ ಎಲ್ಲಿಂದ ಶುರು? ನಾಲ್ಕರಿಂದಲೋ, ನಿಲ್ದಾಣಕ್ಕೆ ಬಂದ ಹೊತ್ತಿನಿಂದಲೋ? ಸುಸ್ತು ನಾಲ್ಕರಿಂದಲೇ ಎಣಿಸುತ್ತೆ, ಅದಕ್ಕೆ ರೂಲ್ ಬುಕ್ ಗೊತ್ತಿಲ್ಲ.

ಅಮೆರಿಕದವರು ಇದನ್ನು ಹೇಗೆ ಬಿಡಿಸಿಕೊಂಡರು ಅನ್ನೋದನ್ನು ಮಗಳು ನನಗೆ ಊಟದ ತಟ್ಟೆ ಮೇಲೆ ಬೆರಳಿನಲ್ಲಿ ಗೆರೆ ಎಳೆದು ತೋರಿಸಿದ್ದಳು. 2009ರ ಫೆಬ್ರವರಿಯಲ್ಲಿ ಬಫಲೋ ಊರಿನ ಹತ್ತಿರ ಕೋಲ್ಗನ್ ಕಂಪನಿಯ ಸಣ್ಣ ವಿಮಾನ ಬಿದ್ದು 50 ಜನ ಸತ್ತರು. ಮುಖ್ಯ ತಪ್ಪು ಕ್ಯಾಪ್ಟನ್ ವಿಮಾನ ನಡೆಸಿದ ರೀತಿಯದು. ಆದರೆ ತನಿಖೆಯಲ್ಲಿ ಇನ್ನೂ ಒಂದು ವಿಷಯ ಹೊರಬಂತು. ಕೋ-ಪೈಲಟ್ ಹಿಂದಿನ ರಾತ್ರಿಯೆಲ್ಲ ದೇಶದ ಆ ತುದಿಯ ಸಿಯಾಟಲ್‌ನಿಂದ ಡ್ಯೂಟಿ ಊರಿಗೆ ಪ್ರಯಾಣ ಮಾಡಿಕೊಂಡು ಬಂದಿದ್ದರು, ಕ್ಯಾಪ್ಟನ್ ನಿಲ್ದಾಣದ ಸಿಬ್ಬಂದಿ ಕೋಣೆಯಲ್ಲೇ ರಾತ್ರಿ ಕಳೆದಿದ್ದರು. ಸತ್ತವರ ಮನೆಯವರು ಬೆನ್ನು ಬಿಡದೆ ಓಡಾಡಿದರು. 2014ರ ಜನವರಿಯಿಂದ ಅಲ್ಲಿ ಹೊಸ ನಿಯಮ ಬಂತು.

ಅದರಲ್ಲಿ ರಿಸರ್ವ್ ಎರಡು ಮೂರು ಬಗೆ. ನಿಲ್ದಾಣದಲ್ಲೇ ಕೂತು ಕಾದರೆ ಕೂತ ಕ್ಷಣದಿಂದ ಡ್ಯೂಟಿ ಲೆಕ್ಕ. ಮನೆಯಲ್ಲಿ ಫೋನ್ ಹಿಡಿದು ಕಾಯುವುದು ಶಾರ್ಟ್ ಕಾಲ್, ಅದು ಒಂದು ಸಲಕ್ಕೆ 14 ಗಂಟೆ ಮೀರಬಾರದು. ಕರೆ ಬಂದರೂ, ಕಾಯಲು ಶುರು ಮಾಡಿದ ಹೊತ್ತಿನಿಂದ ಡ್ಯೂಟಿ ಮುಗಿಯುವವರೆಗೆ ಒಟ್ಟು 16 ಗಂಟೆ ದಾಟಬಾರದು, ಕೆಲವು ಹೊತ್ತಿನಲ್ಲಿ ಹೊರಡುವ ಡ್ಯೂಟಿಗಳಿಗೆ ಅದಕ್ಕಿಂತಲೂ ಕಡಿಮೆ. ಅಂದರೆ ನಾಲ್ಕಕ್ಕೆ ಫೋನ್ ಹಿಡಿದವರನ್ನು ಮಧ್ಯಾಹ್ನ ಎರಡಕ್ಕೆ ಡ್ಯೂಟಿಗೆ ಹತ್ತಿಸಿದರೆ ರಾತ್ರಿ ಎಂಟರೊಳಗೆ ಬಿಡಬೇಕು. ಕಾದಿದ್ದೂ ಲೆಕ್ಕಕ್ಕೆ ಬಂತು ನೋಡಿ. ಇನ್ನೊಂದು ಲಾಂಗ್ ಕಾಲ್. ಅಲ್ಲಿ ಮುಂಚೆಯೇ ತಿಳಿಸಿ, 10 ಗಂಟೆ ವಿಶ್ರಾಂತಿ ಸಿಗುವ ಹಾಗೆ ಬಿಟ್ಟು ಕರೆಯಬೇಕು. ಡ್ಯೂಟಿ ರಾತ್ರಿ ಎರಡರಿಂದ ಬೆಳಗಿನ ಆರರ ನಡುವಿನ ಹೊತ್ತಿಗೆ ಚಾಚಿಕೊಳ್ಳುವ ಹಾಗಿದ್ದರೆ 12 ಗಂಟೆ ಮೊದಲೇ ಹೇಳಿರಬೇಕು. ಆ ಹೊತ್ತಿನಲ್ಲಿ ಮನುಷ್ಯನ ಮೈ ತಾನಾಗೇ ಮುಚ್ಚಿಕೊಳ್ಳುತ್ತೆ. ನೈಟ್ ಬಸ್ ಓಡಿಸಿದ ಯಾವ ಡ್ರೈವರ್‌ನ ಕೇಳಿದರೂ ಇದೇ ಹೇಳುತ್ತಾನೆ.

ದುಡ್ಡಿನ ವಿಷಯ. ಗೆಳೆಯರ ಹೊಟ್ಟೆ ಉರಿದದ್ದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಪೈಲಟ್‌ಗೆ ಸಂಬಳ ಗಂಟೆ ಲೆಕ್ಕ. ಗಂಟೆ ಅಂದರೆ ವಿಮಾನ ತನ್ನ ಜಾಗದಿಂದ ಕದಲಿದಾಗಿನಿಂದ ಇನ್ನೊಂದು ಊರಿನಲ್ಲಿ ನಿಂತು ಸುಮ್ಮನಾಗುವವರೆಗೆ. ಅದಕ್ಕೆ ಮುಂಚೆ ಬಂದು ಹವಾಮಾನ ನೋಡಿದ್ದು, ಎರಡು ಹಾರಾಟದ ನಡುವೆ ಕಾದಿದ್ದು, ಇವು ಆ ಮೀಟರ್‌ನಲ್ಲಿ ಓಡಲ್ಲ. ರಿಸರ್ವ್‌ನವರಿಗೆ ಹಾರಾಟವೇ ಗ್ಯಾರಂಟಿ ಇಲ್ಲದ ಕಾರಣ ತಿಂಗಳಿಗೆ ಇಷ್ಟು ಗಂಟೆ ಅಂತ ಕನಿಷ್ಠ ಸಂಬಳ ಕಟ್ಟಿರುತ್ತಾರೆ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಇದು ಸುಮಾರು ಎಪ್ಪತ್ತು ಎಂಬತ್ತು ಗಂಟೆ. ಲೆಕ್ಕಕ್ಕೆ 75 ಅಂತ ಇಟ್ಟುಕೊಳ್ಳಿ. ಹತ್ತು ಗಂಟೆ ಹಾರಿದರೂ 75ರ ಸಂಬಳ, ಇದು ನಮ್ಮ ಗೆಳೆಯರು ಕೇಳಿಸಿಕೊಂಡ ಅರ್ಧ. ಇನ್ನರ್ಧ ಕೇಳಿ: 74 ಗಂಟೆ ಹಾರಿದರೂ 75ರದೇ ಸಂಬಳ! ಕರೆದಾಗಲೆಲ್ಲ ಓಡಿ ಹೋಗಿ ತಿಂಗಳಿಡೀ ದುಡಿದವರಿಗೂ, ಫೋನ್ ಬಾರದೆ ಕೂತವರಿಗೂ ಒಂದೇ ಚೆಕ್ಕು. ಕೊಡೋ ದುಡ್ಡು ಹೇಗಿದ್ದರೂ ಕೊಡಲೇಬೇಕು ಅಂದಮೇಲೆ ಕಂಪನಿ ಮೊದಲು ರಿಸರ್ವ್‌ನವರನ್ನೇ ಬಳಸಲು ನೋಡುತ್ತೆ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ರಿಸರ್ವ್ ಖಾಲಿಯಾದಾಗ ಶುರುವಾಗುತ್ತೆ ಡಬಲ್ ದುಡ್ಡಿನ ಆಟ. ಡೆಲ್ಟಾ ಕಂಪನಿಯಲ್ಲಿ ಗ್ರೀನ್ ಸ್ಲಿಪ್ ಅಂತ ಇದೆ. ರಜೆ ದಿನ ಹಾರಲು ನಾನು ತಯಾರು ಅಂತ ಪೈಲಟ್ ಮೊದಲೇ ಚೀಟಿ ಹಾಕಿಟ್ಟಿರುತ್ತಾರೆ, ಕರೆ ಬಂದು ಹೋದರೆ ಆ ಹಾರಾಟಕ್ಕೆ ದುಪ್ಪಟ್ಟು. ಬೇರೆ ಕಂಪನಿಗಳಲ್ಲಿ ಒಂದೂವರೆ ಪಟ್ಟೂ ಉಂಟು. ಯಾರೂ ಒಪ್ಪದಿದ್ದರೆ ಎಲ್ಲರಿಗಿಂತ ಹೊಸಬರನ್ನು ಹಿಡಿದು ಕಡ್ಡಾಯವಾಗಿ ಹತ್ತಿಸುವ ಪದ್ಧತಿಯೂ ಕೆಲವು ಕಡೆ ಇದೆ. (ಹೊಸಬರ ಹಣೆಬರಹ ಎಲ್ಲ ಡಿಪೋದಲ್ಲೂ ಒಂದೇ.) 2017ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಕಂಪ್ಯೂಟರ್ ಎಡವಟ್ಟು ಮಾಡಿಕೊಂಡು, ಕ್ರಿಸ್‌ಮಸ್ ಆಜುಬಾಜಿನ ಸಾವಿರಾರು ಹಾರಾಟಗಳಿಂದ ಪೈಲಟ್‌ಗಳಿಗೆ ಹೆಸರು ತೆಗೆಸಿಕೊಳ್ಳಲು ಬಿಟ್ಟುಬಿಟ್ಟಿತ್ತು. ಕಂಪನಿ ಮೊದಲು ಒಂದೂವರೆ ಪಟ್ಟು ಕೊಡುತ್ತೇನೆ ಅಂದಿತು. ಯೂನಿಯನ್ ಪಟ್ಟು ಹಿಡಿದು ಕೂತಿತು. ಕೊನೆಗೆ ದುಪ್ಪಟ್ಟು ಕೊಟ್ಟು ಹಬ್ಬ ದಾಟಿದರು. ಆ ಡಬಲ್ ಸಂಬಳ ಪೈಲಟ್‌ಗಳ ದುರಾಸೆಗೆ ಬಿದ್ದ ದುಡ್ಡಲ್ಲ ಅಲ್ವಾ? ಲೆಕ್ಕ ತಪ್ಪಿದವರು ಕಟ್ಟಿದ ದಂಡ.

ನಮ್ಮಲ್ಲಿ ಅಷ್ಟೆಲ್ಲ ಬರೆದಿಟ್ಟ ಆಟ ಇಲ್ಲ. ಹೆಚ್ಚಾಗಿ ಕಂಪನಿಯೇ ರೋಸ್ಟರ್, ಅಂದರೆ ಡ್ಯೂಟಿ ಚಾರ್ಟ್, ಮಾಡಿ ಮೊಬೈಲಿಗೆ ಕಳಿಸುತ್ತೆ. ಆದರೂ ಗ್ಯಾರಂಟಿ ಗಂಟೆಗೆ ಕೈ ಹಾಕಿದರೆ ಏನಾಗುತ್ತೆ ಅನ್ನೋದನ್ನು 2024ರಲ್ಲಿ ನೋಡಿದೆವು. ವಿಸ್ತಾರ ಕಂಪನಿ ಏರ್ ಇಂಡಿಯಾದೊಳಗೆ ಸೇರುವ ಹೊತ್ತಿನಲ್ಲಿ ಪೈಲಟ್‌ಗಳ ಖಾತ್ರಿ ಸಂಬಳ 70 ಗಂಟೆಯಿಂದ 40ಕ್ಕೆ ಇಳಿಯಿತು, ಅದಕ್ಕಿಂತ ಜಾಸ್ತಿ ಹಾರಿದರೆ ಮಾತ್ರ ಜಾಸ್ತಿ ದುಡ್ಡು ಅಂತಾಯಿತು. ಪೈಲಟ್‌ಗಳು ಮುನಿಸಿಕೊಂಡರು, ಆ ಮಾರ್ಚ್ ಕೊನೆ ಏಪ್ರಿಲ್ ಶುರುವಿನಲ್ಲಿ ವಿಮಾನಗಳು ಸಾಲಾಗಿ ರದ್ದಾದವು. ಖಾತ್ರಿ ಕಡಿಮೆ ಮಾಡೋದು ಅಂದರೆ ಕಾಯೋ ದಿನದ ದುಡ್ಡು ಕಡಿಮೆ ಮಾಡೋದು. ಆಗ ಮನುಷ್ಯ ಮನೆ ಸಾಲ ನೆನೆಸಿಕೊಂಡು ಸುಸ್ತಿದ್ದರೂ ಹಾರ್ತೀನಿ ಅಂತಾನೆ.

ಈ ಕೊನೆಯ ಮಾತು ಪುಸ್ತಕ ಓದಿ ಬರೆದಿದ್ದಲ್ಲ. ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳುತ್ತೇನೆ.

ತೊಂಬತ್ತರ ದಶಕದ ಒಂದು ವೈರಮುಡಿ. ಮೇಲುಕೋಟೆಗೆ ರಾತ್ರಿಯಿಡೀ ಸ್ಪೆಷಲ್ ಬಸ್ಸು. ನನ್ನ ಸ್ಪೇರ್ ಎಲ್ಲ ಮಧ್ಯಾಹ್ನಕ್ಕೇ ಖಾಲಿ. ಒಬ್ಬ ಡ್ರೈವರ್ ಹಿಂದಿನ ರಾತ್ರಿ ಹಳ್ಳಿಯಲ್ಲಿ ಬಸ್ಸಿನೊಳಗೇ ಮಲಗಿ, ಬೆಳಿಗ್ಗೆಯಿಂದ ಓಡಿಸಿ, ಸಂಜೆ ಬಂದು ಕೀ ಕೊಟ್ಟ. "ಇನ್ನೊಂದು ಟ್ರಿಪ್ ಹೊಡಿ, ಡಬಲ್ ಬರ್ಕೊಡ್ತೀನಿ" ಅಂದೆ. "ಬ್ಯಾಡ ಸಾ, ಕಣ್ಣು ಎಳೀತಾವೆ" ಅಂದ. ಮಗಳ ಮದುವೆ ಸಾಲ ಇತ್ತು ಅವನಿಗೆ, ಅದು ನನಗೆ ಗೊತ್ತಿತ್ತು. ಅದನ್ನೇ ನೆನಪಿಸಿದೆ. ಕೀ ವಾಪಸ್ ತಗೊಂಡ. ಜಕ್ಕನಹಳ್ಳಿ ದಾಟಿದ ಮೇಲೆ ಎಲ್ಲೋ ಒಂದು ಗಳಿಗೆ ಕಣ್ಣು ಮುಚ್ಚಿದ್ದಾನೆ. ಬಸ್ಸು ರಸ್ತೆ ಬಿಟ್ಟು ಕಬ್ಬಿನ ಗದ್ದೆಗೆ ನುಗ್ಗಿ ನಿಂತಿತು. ಕಬ್ಬು ಆಳೆತ್ತರ ಬೆಳೆದಿದ್ದಕ್ಕೆ ಜನ ಉಳಿದರು. ಒಬ್ಬ ಅಜ್ಜಿಯ ಕೈ ಮುರಿಯಿತು. ಸಸ್ಪೆಂಡ್ ಆದವನು ಅವನು, ನಾನಲ್ಲ.

ನಮಗೂ ಕಾನೂನು ಇತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ: ದಿನಕ್ಕೆ 8 ಗಂಟೆ ಕೆಲಸ, ಎರಡು ಡ್ಯೂಟಿ ನಡುವೆ ಕನಿಷ್ಠ 9 ಗಂಟೆ ವಿಶ್ರಾಂತಿ, ಜಾಸ್ತಿ ದುಡಿದರೆ ಎರಡರಷ್ಟು ಕೂಲಿ. ನಾನು ಆ ಕೊನೆಯ ಸಾಲನ್ನು ಹಿಡಿದುಕೊಂಡು ನಡುವಿನ ಸಾಲನ್ನು ಮರೆತೆ. ಡಬಲ್ ಕೊಟ್ಟರೆ ನಿದ್ದೆಯನ್ನೂ ಕೊಂಡುಕೊಂಡ ಹಾಗೆ ಅಂತ ನಂಬಿಕೊಂಡಿದ್ದೆ.

ಆಕಾಶದಲ್ಲಿ ಕಬ್ಬಿನ ಗದ್ದೆ ಇಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಎಂಟು ಜನ ಉಳಿದರು. ಸಿಕ್ಕ ಧ್ವನಿಮುದ್ರಣದಲ್ಲಿ ಕ್ಯಾಪ್ಟನ್ ಗೊರಕೆ ಹೊಡೆಯುವುದು ಕೇಳಿಸಿತ್ತು, ಒಂದೂವರೆ ಗಂಟೆಗೂ ಜಾಸ್ತಿ ನಿದ್ದೆ. ಎದ್ದ ಮೇಲೂ ಬಿಡದ ನಿದ್ದೆಯ ಮಂಪರಿನಲ್ಲಿ, ತಪ್ಪು ಎತ್ತರದಲ್ಲಿ ಬರುತ್ತಿದ್ದರೂ, ಕೋ-ಪೈಲಟ್ ಮೇಲೇರೋಣ ಅಂತ ಮತ್ತೆ ಮತ್ತೆ ಹೇಳಿದರೂ ಇಳಿಸಿದರು ಅಂತ ತನಿಖಾ ವರದಿ ಹೇಳಿತು. ಅವರು ಸ್ಟ್ಯಾಂಡ್‌ಬೈನಿಂದ ಬಂದವರು ಅಂತ ನಾನು ಹೇಳುತ್ತಿಲ್ಲ. ಬೆಳಗಿನ ಜಾವದ ನಿದ್ದೆ ಅನುಭವ, ಸಂಬಳ ಯಾವುದನ್ನೂ ನೋಡಲ್ಲ ಅನ್ನೋದಷ್ಟೇ ನನ್ನ ಮಾತು.

ನೀವು ಇದನ್ನೆಲ್ಲ ನೋಡಿಯೇ 2024ರ ಜನವರಿಯಲ್ಲಿ ನಿಯಮ ಬದಲಾಯಿಸಿದಿರಿ. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿ ಅನ್ನೋದು ಹನ್ನೆರಡರಿಂದ ಐದರ ಬದಲು ಆರರವರೆಗೆ ಅಂತಾಯಿತು. ರಾತ್ರಿ ಡ್ಯೂಟಿಯಲ್ಲಿ ಆರು ಲ್ಯಾಂಡಿಂಗ್ ಇದ್ದದ್ದು ಎರಡಕ್ಕೆ ಇಳಿಯಿತು. ಓದಿ ನಿಮಗೆ ಮನಸ್ಸಿನಲ್ಲೇ ಕೈ ಮುಗಿದೆ. ಕಂಪನಿಗಳು ಗೊಣಗಿದವು, ಪೈಲಟ್‌ಗಳ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು, ಕೊನೆಗೆ 2025ರ ಜುಲೈಯಲ್ಲಿ ಒಂದು ಕಂತು, ನವೆಂಬರ್‌ನಲ್ಲಿ ಇನ್ನೊಂದು ಕಂತು ಅಂತ ಜಾರಿಗೆ ಬಂತು. ಹೆಚ್ಚುಕಡಿಮೆ ಎರಡು ವರ್ಷ ಸಮಯ ಸಿಕ್ಕಿತ್ತು. ಒಂದು ತಿಂಗಳಿಗೇ ಡಿಸೆಂಬರ್ ಗಲಾಟೆ.

ಡ್ಯೂಟಿ ಹಾಕಿದವನ ಕಣ್ಣಿಗೆ ಅದರಲ್ಲಿ ಗುಟ್ಟೇನೂ ಕಾಣಲಿಲ್ಲ. ವಿಶ್ರಾಂತಿ 12 ಗಂಟೆ ಜಾಸ್ತಿ ಆದರೆ ಅಷ್ಟು ಹೊತ್ತು ಬೇರೆ ಯಾರೋ ಹಾರಿಸಬೇಕು. ಆ ಬೇರೆ ಯಾರೋ ಅನ್ನುವವರನ್ನು ಮೊದಲೇ ತಯಾರು ಮಾಡಿ ಸ್ಪೇರ್ ಪಟ್ಟಿಯಲ್ಲಿ ಕೂರಿಸಿಕೊಂಡಿರಬೇಕು. ಏರ್‌ಬಸ್ ಪೈಲಟ್ ಸಂತೆಯಲ್ಲಿ ಸಿಗಲ್ಲ. ಆಗ ನೀವು ಏನು ಮಾಡಿದಿರಿ? ರಾತ್ರಿ ಡ್ಯೂಟಿಯ ನಿಯಮದಿಂದ ಇಂಡಿಗೋ ಕಂಪನಿಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿರಿ. ಆಮೇಲೆ ಅವರ ಹಾರಾಟಗಳನ್ನು ಶೇಕಡ 10ರಷ್ಟು ಕಡಿಮೆ ಮಾಡಿಸಿದ್ದೂ ಆಯಿತು. ನಿಲ್ದಾಣದಲ್ಲಿ ಮಕ್ಕಳನ್ನು ಕಟ್ಟಿಕೊಂಡು ನೆಲದ ಮೇಲೆ ಮಲಗಿದವರನ್ನು ಟಿವಿಯಲ್ಲಿ ನೋಡಿದ್ದೇನೆ, ನಿಮ್ಮ ಮೇಲಿದ್ದ ಒತ್ತಡ ಅರ್ಥವಾಗುತ್ತೆ. ಆದರೆ ಆ ವಿನಾಯಿತಿ ನನ್ನ ವೈರಮುಡಿ ರಾತ್ರಿಯ ಹಾಗೇ ಇತ್ತು. ಸ್ಪೇರ್ ಇಡದವರ ತಪ್ಪಿಗೆ ಓಡಿಸುವವರ ನಿದ್ದೆಯಿಂದ ಸಾಲ ತೀರಿಸಿದಿರಿ.

ನನ್ನ ಕೋರಿಕೆ ದೊಡ್ಡದೇನಲ್ಲ. ಚಳಿಗಾಲ, ಬೇಸಿಗೆ ಅಂತ ಪ್ರತಿ ಕಂಪನಿಯ ಹಾರಾಟದ ಪಟ್ಟಿಗೆ ಒಪ್ಪಿಗೆ ಕೊಡುವುದು ನೀವೇ. ಕೊಡುವ ಮುಂಚೆ ವಿಮಾನ ಎಷ್ಟಿದೆ ಅಂತ ಕೇಳುವ ಜೊತೆಗೆ ದಿನಕ್ಕೆ ಎಷ್ಟು ಪೈಲಟ್‌ಗಳನ್ನು ಸ್ಟ್ಯಾಂಡ್‌ಬೈ ಇಟ್ಟಿದ್ದೀರಿ ಅಂತಲೂ ಕೇಳಿ, ಊರು ಊರಿಗೆ ಕೇಳಿ, ಆ ಸಂಖ್ಯೆಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿ. ದಿನಕ್ಕೆ ಬೆರಳೆಣಿಕೆಯಷ್ಟು ವಿಮಾನ ಬರುವ ಮೈಸೂರಿನಂಥ ಊರಿಗೆ ಇದು ಇನ್ನೂ ಮುಖ್ಯ. ಇಲ್ಲಿ ಒಬ್ಬ ಪೈಲಟ್‌ಗೆ ವಾಂತಿ ಭೇದಿ ಆದರೆ ಸ್ಪೇರ್ ಬೇರೆ ಊರಿಂದ ಬರಬೇಕು, ಅಷ್ಟು ಹೊತ್ತಿಗೆ ಆ ದಿನದ ವಿಮಾನ ರದ್ದು ಅಂತ ಮೆಸೇಜ್ ಬಂದಿರುತ್ತೆ.

ಸ್ಟ್ಯಾಂಡ್‌ಬೈಗೆ ನಿಮ್ಮ ನಿಯಮದಲ್ಲೂ ಮಿತಿ ಇದೆ ಅಂತ ಬಲ್ಲೆ. ಅದನ್ನು ನನ್ನಂಥವನು ಓದಿದರೆ ಅರ್ಥವಾಗುವ ಹಾಗೆ ಒಂದು ಪುಟದಲ್ಲಿ ಬರೆಸಿ. ಕಾದ ಹೊತ್ತು ಎಷ್ಟು, ಅದರಲ್ಲಿ ಡ್ಯೂಟಿ ಲೆಕ್ಕಕ್ಕೆ ಬರೋದು ಎಷ್ಟು, ಅದಾದ ಮೇಲೆ ಎಷ್ಟು ಹಾರಿಸಬಹುದು. ಸಂಬಳ ನಿಮ್ಮ ಕೈಯಲ್ಲಿಲ್ಲ, ಅದು ಕಂಪನಿಗೂ ಪೈಲಟ್‌ಗೂ ಬಿಟ್ಟದ್ದು. ಡಬಲ್ ಕೊಡಲಿ, ತ್ರಿಬಲ್ ಕೊಡಲಿ, ಬೇಡ ಅನ್ನಲ್ಲ. ಆದರೆ ಆ ದುಡ್ಡಿನ ಕರೆ ಕಡ್ಡಾಯ ವಿಶ್ರಾಂತಿಯ 48 ಗಂಟೆಯೊಳಗೆ ಬರಬಾರದು, ಬಂದರೆ ಅದಕ್ಕೊಂದು ದಾಖಲೆ ಉಳಿಯಬೇಕು. ಸುಸ್ತಾಗಿದೆ ಅಂತ ವರದಿ ಕೊಟ್ಟವರ ಲೆಕ್ಕವನ್ನು ಕಂಪನಿಗಳು ಮೂರು ತಿಂಗಳಿಗೊಮ್ಮೆ ನಿಮಗೆ ಕಳಿಸಬೇಕಲ್ಲ, ಅದರ ಪಕ್ಕದಲ್ಲೇ ರಜೆ ದಿನ ಎಷ್ಟು ಜನರನ್ನು ಕರೆದರು ಅನ್ನೋ ಲೆಕ್ಕವನ್ನೂ ತರಿಸಿಕೊಳ್ಳಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನ್ನಂಥ ಡಿಪೋದವನಿಗೂ ಯಾವ ಕಂಪನಿಯಲ್ಲಿ ಸ್ಪೇರ್ ಖಾಲಿ ಅಂತ ತಿಳಿಯುತ್ತೆ.

ಮಗಳು ಹೋದ ವಾರದ ರಜೆಗೆ ಬಂದಿದ್ದಳು. ಎರಡನೇ ದಿನ ಬೆಳಿಗ್ಗೆ ಅವಳ ಫೋನ್ ಟೀಪಾಯಿ ಮೇಲೆ ಗುರ್ ಅಂದಿತು. ಅವಳಿನ್ನೂ ಮಲಗಿದ್ದಳು. ನನ್ನ ಹೆಂಡತಿ ಅದರ ಮೇಲೆ ದಿಂಬು ಹಾಕಿ ಅಡುಗೆಮನೆಗೆ ಹೋದಳು. ನಾನು ಪೇಪರ್ ಹಿಡಿದು ಅಲ್ಲೇ ಕೂತಿದ್ದೆ. ನಾಲ್ಕು ಸಲ ಬಂತು. ಆ ಕಡೆ ಫೋನ್ ಹಿಡಿದವನ ಅವಸ್ಥೆ ಎಂಥದ್ದು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪಾಪ ಅನಿಸಿತು. ಆದರೆ ದಿಂಬು ತೆಗೆಯಲಿಲ್ಲ.

ಉತ್ತರ ಬರೆದರೆ ಕನ್ನಡದಲ್ಲೇ ಬರೆಸಿ, ಕೆರೆ ಏರಿ ಮೇಲೆ ಗೆಳೆಯರಿಗೆ ಓದಿ ಹೇಳುತ್ತೇನೆ.

ಇಂತಿ,
ಡ್ಯೂಟಿ ಚಾರ್ಟ್ ಬರೆದು ನಿವೃತ್ತನಾದ ಒಬ್ಬ ಅಪ್ಪ
ಮೈಸೂರು